ಬೆಟ್ಟ ಬಿಟ್ಟರೂ ಮೆಟ್ಟಿಲು ಬಿಡದು

60 ದಾಟಿದ ಹೆಂಗಸು ಹಿಮದ ಬೆಟ್ಟದಲ್ಲಿ ಸ್ಕೀ ಮಾಡುವುದೆಂದರೆ ದುಡ್ಡು ಕೊಟ್ಟು ಸೊಂಟ ಮುರಿಸಿಕೊಳ್ಳುವುದು ಎಂಬುದು ದಾವಣಗೆರೆಯಲ್ಲಿರುವ ನನ್ನ ಅಕ್ಕನ ಖಚಿತ ಅಭಿಪ್ರಾಯ. "ಮೊಮ್ಮಕ್ಕಳನ್ನ ಆಡಿಸೋ ವಯಸ್ಸಲ್ಲಿ ನೀನೇ ಜಾರುಬಂಡೆ ಆಡ್ತೀಯಲ್ಲೇ!" ಎಂದು ಆಕೆ ಪ್ರತಿ ಚಳಿಗಾಲವೂ ಫೋನಿನಲ್ಲಿ ಗದರುತ್ತಾಳೆ. ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯ ಪಕ್ಕದ ಬೆಟ್ಟಗಳಲ್ಲಿ ಮಕ್ಕಳ ಜೊತೆಗೆ ಸ್ಕೀ ಕಲಿತು, ಅವರು ಕೆಲಸ ಹಿಡಿದು ಬೇರೆ ಊರು ಸೇರಿದ ಮೇಲೂ ಅದನ್ನು ಬಿಡದೆ ನಡೆಸಿಕೊಂಡು ಬಂದಿರುವ ನನಗೆ ತಿಳಿದಿರುವಂತೆ, ಬೆಟ್ಟ ಬಹಳ ಸಭ್ಯವಾದದ್ದು. ಮೂಳೆಗಾಗಿ ಹೊಂಚು ಹಾಕಿ ಕುಳಿತಿರುವುದು ಸಮತಟ್ಟಾದ ನೆಲ.

ಹಗಲಲ್ಲಿ ಕರಗಿದ ಹಿಮ ರಾತ್ರಿ ಮತ್ತೆ ಹೆಪ್ಪುಗಟ್ಟಿ ಪಾರ್ಕಿಂಗ್ ಜಾಗವನ್ನು ಗಾಜಿನ ಹಾಳೆಯಾಗಿ ಮಾಡಿರುತ್ತದೆ. ಅದನ್ನು ದಾಟಿದರೆ ಮೆಟ್ಟಿಲುಗಳು. ಸ್ಕೀ ಬೂಟು ಕಣಕಾಲನ್ನು ಬಗ್ಗಗೊಡುವುದಿಲ್ಲ, ಅದರ ಗಟ್ಟಿ ಪ್ಲಾಸ್ಟಿಕ್ ಅಟ್ಟೆಗೆ ಒದ್ದೆ ನೆಲದ ಮೇಲೆ ಹಿಡಿತವೂ ಇಲ್ಲ. ಹೀಗಿದ್ದರೂ ನಾನು ಹೋಗುವ ಕಡೆಯಲ್ಲೆಲ್ಲ ಶೌಚಾಲಯವನ್ನು ಕೆಳ ಅಂತಸ್ತಿನಲ್ಲೇ ಕಟ್ಟಿದ್ದಾರೆ. ಒಮ್ಮೆ ಎರಡೂ ಕೈಗಳಿಂದ ಕಂಬಿ ಹಿಡಿದು, ಅಡ್ಡಡ್ಡವಾಗಿ ಇಳಿಯುತ್ತಾ, ಕೊನೆಯ ಕೆಲವು ಮೆಟ್ಟಿಲುಗಳನ್ನು ಕುಳಿತುಕೊಂಡೇ ದಾಟಿದೆ. ಅದೇ ಬೆಳಗ್ಗೆ ಮೇಲಿನ ಇಳಿಜಾರಿನಲ್ಲಿ ನಾನು ಹಿಂದೆ ಹಾಕಿದ್ದ ಹುಡುಗನೊಬ್ಬ ಬಂದು ಕೈಕೊಟ್ಟು ಎಬ್ಬಿಸಿ, "ಇದು ನಿಮಗೆ ಮೊದಲ ಸಲವೇ?" ಎಂದು ವಿಚಾರಿಸಿದ. ಸ್ಕೀ ಮಾಡುವುದೋ ಶೌಚಾಲಯಕ್ಕೆ ಬರುವುದೋ ಎಂದು ನಾನು ಕೇಳಲಿಲ್ಲ.

ಮೂಳೆಯ ವಿಚಾರದಲ್ಲಿ ಸ್ಕೀ ಲೋಕ ನಮ್ಮಂಥವರನ್ನು ಮರೆತಿಲ್ಲ. ಬೂಟನ್ನು ಸ್ಕೀ ಹಲಗೆಗೆ ಬಂಧಿಸುವ ಬೈಂಡಿಂಗ್, ಬಿದ್ದಾಗ ಕಾಲು ತಿರುಚುವ ಮೊದಲೇ ಕಳಚಿಕೊಳ್ಳಬೇಕು. ಅದು ಎಷ್ಟು ಒತ್ತಡಕ್ಕೆ ಕಳಚಬೇಕೆಂಬ ಅಂಕೆಯನ್ನು ತೂಕ, ಎತ್ತರ, ಬೂಟಿನ ಉದ್ದ, ಸ್ಕೀ ಮಾಡುವ ಧಾಟಿ ಮತ್ತು ವಯಸ್ಸು ನೋಡಿ ಗೊತ್ತುಮಾಡುತ್ತಾರೆ. 50 ತುಂಬಿದವರನ್ನು ಕೋಷ್ಟಕದಲ್ಲಿ ಒಂದು ಸಾಲು ಮೇಲಕ್ಕೇರಿಸುತ್ತಾರೆ, ಅಂದರೆ ನಮ್ಮ ಬೈಂಡಿಂಗ್ ಬೇಗ ಬಿಡುತ್ತದೆ. ತೊಡಕಿರುವುದು ತೂಕದ ಖಾನೆಯಲ್ಲಿ. ನನ್ನ ಗೆಳತಿಯೊಬ್ಬರು ಹಿಂದೆ ನಿಂತು ಇಣುಕುತ್ತಿದ್ದ ತಮ್ಮ ಯಜಮಾನರ ದೆಸೆಯಿಂದ ಉದಾರವಾಗಿ ಕೆಲವು ಪೌಂಡುಗಳನ್ನು ಕಳೆದು ಬರೆದರು. ಮೊದಲ ತಿರುವಿನಲ್ಲೇ ಎಡಗಾಲಿನ ಸ್ಕೀ ಕಳಚಿ ಹಿಂದುಳಿಯಿತು, ಅವರು ಮಾತ್ರ ಮುಂದುವರಿದರು.

ವೈದ್ಯರು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಲು ಹೇಳಿದಾಗ, ಹಿಂದಿನ ದಿನದಿಂದಲೇ ಕ್ಯಾಲ್ಸಿಯಂ ಮಾತ್ರೆ ನುಂಗಬಾರದೆಂದು ಸೂಚನೆ ಬಂತು: ಕರಗದ ಮಾತ್ರೆ ಹೊಟ್ಟೆಯಲ್ಲಿದ್ದರೆ ಯಂತ್ರ ಅದನ್ನೂ ಮೂಳೆಯ ಲೆಕ್ಕಕ್ಕೆ ಸೇರಿಸಿಬಿಡಬಹುದಂತೆ. ಬಳೆ, ತಾಳಿ, ಹೇರ್‌ಪಿನ್ ಎಲ್ಲ ಬಿಚ್ಚಿಟ್ಟು ಮಲಗಿದ ಮೇಲೂ ಪರದೆಯ ಮೇಲೆ ಬೆನ್ನೆಲುಬಿನ ಪಕ್ಕದಲ್ಲೊಂದು ಪಿನ್ನು ಫಳಫಳ ಹೊಳೆಯುತ್ತಿತ್ತು. ಲಾಡಿ ಒಳಕ್ಕೆ ಸರಿದುಹೋದರೆ ಪೋಣಿಸಲು ಬೇಕಾಗುತ್ತದೆಂದು ಸೊಂಟಪಟ್ಟಿಯಲ್ಲಿ ಸಿಕ್ಕಿಸಿಟ್ಟಿದ್ದ ಪಿನ್ನು ಅದು. ಸ್ಕ್ಯಾನ್ ಮಾಡುತ್ತಿದ್ದ ಅಮೆರಿಕನ್ ಹುಡುಗಿಗೆ ಲಾಡಿಯ ತತ್ತ್ವವನ್ನು ವಿವರಿಸುವುದರಲ್ಲಿ ಸ್ಕ್ಯಾನಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ಫಲಿತಾಂಶ ಟಿ-ಸ್ಕೋರ್ ಎಂಬ ಅಂಕೆಯಾಗಿ ಬರುತ್ತದೆ. ಸೊನ್ನೆಯಿಂದ ಕೆಳಗೆ ಮೈನಸ್ 1ರವರೆಗೆ ಚಿಂತೆಯಿಲ್ಲ, ಮೈನಸ್ 2.5 ಮುಟ್ಟಿದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ನನ್ನದು ಮೈನಸ್ 2.3. ಇದು ನನ್ನ ವಾರಿಗೆಯವರೊಡನೆ ಮಾಡುವ ಹೋಲಿಕೆಯಲ್ಲ, ಇಪ್ಪತ್ತರ ಹರೆಯದ ಯುವತಿಯರ ಮೂಳೆಯೊಡನೆ ಮಾಡುವ ಹೋಲಿಕೆ. ಪಕ್ಕದ ಮನೆಯ ಸೊಸೆಯನ್ನು ತೋರಿಸಿ ತನ್ನ ಸೊಸೆಯನ್ನು ಅಳೆಯುವ ಅತ್ತೆಯೂ ಇಷ್ಟು ನಿರ್ದಯಳಾಗಿರುವುದಿಲ್ಲ. ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಳೆಂಬುದನ್ನೂ ವೈದ್ಯರು ಲೆಕ್ಕಕ್ಕೆ ಹಿಡಿದರು. ತಾಯಿತಂದೆಯರ ಸೊಂಟದ ಚರಿತ್ರೆಯೂ ನಮ್ಮ ಅಪಾಯದ ಪಟ್ಟಿಗೆ ಸೇರುತ್ತದೆ.

ಅಕ್ಕ ಇದಕ್ಕೆ ಬೆಣ್ಣೆಯನ್ನು ಸೂಚಿಸಿದಳು. ದಾವಣಗೆರೆಯವರು ಇನ್ನೇನನ್ನು ಸೂಚಿಸಿಯಾರು? ಆದರೆ ಮೊಸರು ಕಡೆದಾಗ ಕ್ಯಾಲ್ಸಿಯಂ ಹೆಚ್ಚುಪಾಲು ಮಜ್ಜಿಗೆಯಲ್ಲೇ ಉಳಿದು, ಬೆಣ್ಣೆಗೆ ಕೊಬ್ಬು ಮಾತ್ರ ದಕ್ಕುತ್ತದೆ. ನನ್ನ ವಯಸ್ಸಿನ ಹೆಂಗಸಿಗೆ ದಿನಕ್ಕೆ 1200 ಮಿಲಿಗ್ರಾಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸಿಗುವುದರಿಂದ ಮುದ್ದೆ, ಮಜ್ಜಿಗೆ ಎರಡೂ ನಮ್ಮ ಮನೆಗೆ ಮರಳಿದವು. ಇನ್ನು ವಿಟಮಿನ್ ಡಿ. ಇಡೀ ದಿನ ಬಿಸಿಲಲ್ಲಿರುತ್ತೇನೆಂಬ ನನ್ನ ಸಮಾಧಾನವನ್ನು ವೈದ್ಯರು ಒಪ್ಪಲಿಲ್ಲ. ಹೆಲ್ಮೆಟ್, ಗಾಗಲ್ಸ್, ಕುತ್ತಿಗೆಪಟ್ಟಿ, ಕೈಗವಸುಗಳ ನಡುವೆ ಬಿಸಿಲು ಕಾಣುವುದು ಮೂಗಿನ ತುದಿಯೊಂದೇ, ಹೊಸ ಹಿಮ ಅತಿನೇರಳೆ ಕಿರಣಗಳಲ್ಲಿ 80 ಪ್ರತಿಶತದಷ್ಟನ್ನು ಮುಖಕ್ಕೇ ತಿರುಗಿಸುವುದರಿಂದ ಆ ತುದಿಗೂ ಸನ್‌ಸ್ಕ್ರೀನ್ ಬಳಿದಿರುತ್ತದೆ.

ಬೇಸರದ ಭಾಗವೇ ಕೆಲಸಕ್ಕೆ ಬರುವ ಭಾಗ. ಭಾರ ಹೊತ್ತ ಮೂಳೆ ಗಟ್ಟಿಯಾಗುತ್ತದೆ, ಹೊರದ ಮೂಳೆ ಸೊರಗುತ್ತದೆ. ಬಾಹ್ಯಾಕಾಶದಲ್ಲಿ ತೇಲುವ ಯಾತ್ರಿಗಳು ಸೊಂಟದ ಮೂಳೆಯನ್ನು ತಿಂಗಳಿಗೆ ಸುಮಾರು ಒಂದು ಪ್ರತಿಶತ ಕಳೆದುಕೊಳ್ಳುತ್ತಾರೆ. ಆಸ್ಟ್ರೇಲಿಯದ ಗ್ರಿಫಿತ್ ವಿಶ್ವವಿದ್ಯಾಲಯದ ಸಂಶೋಧಕರು ಮುಟ್ಟು ನಿಂತ, ಮೂಳೆ ಸವೆದ ಹೆಂಗಸರಿಂದ ಮೇಲ್ವಿಚಾರಣೆಯಲ್ಲಿ ವಾರಕ್ಕೆರಡು ಸಲ ಅರ್ಧ ಗಂಟೆ ನಿಜವಾದ ಭಾರವನ್ನೇ ಎತ್ತಿಸಿದಾಗ ಎಂಟು ತಿಂಗಳಲ್ಲಿ ಅವರ ಬೆನ್ನೆಲುಬಿನ ಸಾಂದ್ರತೆ ಹೆಚ್ಚಿತ್ತು. ನಾನೂ ಈಗ ತರಬೇತುದಾರಳೊಬ್ಬಳ ಕಣ್ಣೆದುರು ಕಬ್ಬಿಣ ಎತ್ತುತ್ತೇನೆ. ಇದರ ಏಕೈಕ ದುಷ್ಪರಿಣಾಮವೆಂದರೆ ಅಂಗಡಿಯಿಂದ ಅಕ್ಕಿಮೂಟೆ ತರುವ ಕೆಲಸದಿಂದ ನನ್ನ ಯಜಮಾನರು ಸ್ವಯಂನಿವೃತ್ತಿ ಪಡೆದಿದ್ದಾರೆ.

ಇಷ್ಟರ ಮೇಲೆ ಮೂಳೆಯ ಸವೆತ ತಡೆಯಲು ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ. ಎದ್ದ ಕೂಡಲೇ ಬರಿಹೊಟ್ಟೆಯಲ್ಲಿ ಒಂದು ಲೋಟ ನೀರಿನೊಂದಿಗೆ ಅದನ್ನು ನುಂಗಿ, ಅನ್ನನಾಳಕ್ಕೆ ಹುಣ್ಣಾಗದಂತೆ ಅರ್ಧ ಗಂಟೆ ಮಲಗದೆ ನೆಟ್ಟಗಿರಬೇಕು. ಆ ಅವಧಿಯಲ್ಲಿ ಕಾಫಿ ಕುಡಿದರೆ ಮಾತ್ರೆ ಮೈಗೆ ಹತ್ತುವುದಿಲ್ಲ. ಎಂಥ ಇಳಿಜಾರೂ ನನ್ನನ್ನು ಇಷ್ಟು ಪರೀಕ್ಷಿಸಿಲ್ಲ. ಯಜಮಾನರು ಡಿಕಾಕ್ಷನ್ ಇಳಿಸುವುದೂ ಸರಿಯಾಗಿ ಅದೇ ಹೊತ್ತಿಗೆ. ಆ ಒಂದು ದಿನ ಸ್ವಲ್ಪ ತಡಮಾಡಬಾರದೇ ಎಂದು ಕೇಳಿದ್ದಕ್ಕೆ, ವರ್ಷಗಳ ಅಭ್ಯಾಸ ಬದಲಿಸಲಾಗದು, ವಾಸನೆ ಹೋಗಲು ಬೇಕಾದರೆ ಏನಾದರೂ ಮಾಡೋಣ ಎಂದು, ಹೊರಗೆ ಹಿಮ ಸುರಿಯುತ್ತಿದ್ದಾಗಲೇ ಅಡುಗೆಮನೆಯ ಕಿಟಕಿಯನ್ನು ಪೂರ್ತಿ ತೆರೆದರು.