ಹೊಟ್ಟೆಯೊಳಗೆ ಹೋಗಿಬಂದದ್ದು

ಹೊಟ್ಟೆಯುರಿ ಅಂದರೆ ಪಕ್ಕದವರ ಏಳಿಗೆ ಕಂಡಾಗ ಬರುವಂಥದ್ದು ಎಂದೇ ನಂಬಿದ್ದವನು ನಾನು. ಯಾರ ಏಳಿಗೆಯನ್ನೂ ಕಾಣದೆಯೇ ತಿಂಗಳುಗಟ್ಟಲೆ ಉರಿದಾಗ ಡಾಕ್ಟರು, ‘ಎಂಡೋಸ್ಕೋಪಿ ಮಾಡಿಬಿಡೋಣ, ಬಾಯಿಂದ ಟ್ಯೂಬ್ ಇಳಿಸಿ ಹೊಟ್ಟೆ ನೋಡೋದು. ಮಂಪರು ಬರೋ ಹಾಗೆ ಸೆಡೇಶನ್ ಕೊಡಲಾ, ಬರೀ ಗಂಟಲಿಗೆ ಸ್ಪ್ರೇ ಸಾಕಾ?’ ಅಂದರು. ಪಕ್ಕದಲ್ಲೇ ಹೆಂಡತಿ ನಿಂತಿದ್ದಳು. ಗಂಡಸಾಗಿ ಹುಟ್ಟಿದ ತಪ್ಪಿಗೆ ‘ಸ್ಪ್ರೇ ಸಾಕು’ ಅಂದುಬಿಟ್ಟೆ.

ಆರು ಗಂಟೆ ಉಪವಾಸ ಕೆಡವಿ, ಎಡಮಗ್ಗುಲಿಗೆ ಮಲಗಿಸಿ, ಗಂಟಲಿಗೆ ಮರಗಟ್ಟಿಸುವ ಲಿಗ್ನೊಕೇನ್ ಸ್ಪ್ರೇ ಹೊಡೆದರು. ಕಹಿಯೆಂದರೆ ಕಹಿ! ಸ್ವಲ್ಪ ಹೊತ್ತಿಗೆ ಗಂಟಲು ಯಾರದೋ ಬಾಡಿಗೆಗೆ ತಂದದ್ದು ಅನ್ನಿಸತೊಡಗಿತು. ಟ್ಯೂಬನ್ನು ಕಚ್ಚದಿರಲೆಂದು ಹಲ್ಲುಗಳ ನಡುವೆ ಪ್ಲಾಸ್ಟಿಕ್ ಬಳೆಯೊಂದನ್ನು ಸಿಕ್ಕಿಸಿದರು. ಆಮೇಲೆ ಬಂತು ಅದು: ಕಿರುಬೆರಳಿನ ದಪ್ಪ, ಸುಮಾರು ಒಂದು ಮೀಟರ್ ಉದ್ದ, ತುದಿಯಲ್ಲಿ ದೀಪ. ‘ನುಂಗಿ ಸರ್’ ಅಂದರು. ಬಿಸಿತುಪ್ಪದ ಗಾದೆ ಕಟ್ಟಿದವನು ಇದನ್ನು ನೋಡಿರಲಿಲ್ಲ, ಪಾಪ. ಸ್ಪ್ರೇ ಗಂಟಲನ್ನು ಮರಗಟ್ಟಿಸುತ್ತದೆಯೇ ಹೊರತು ಓಕರಿಕೆಯನ್ನು ಪೂರ್ತಿ ಮಲಗಿಸುವುದಿಲ್ಲ ಎಂಬುದು ಆಗ ಗೊತ್ತಾಯಿತು. ಮೇಲಿಂದ, ಒಳಗೆಲ್ಲ ಚೆನ್ನಾಗಿ ಕಾಣಲೆಂದು ಹೊಟ್ಟೆಗೆ ಗಾಳಿ ತುಂಬುತ್ತಾರೆ. ತುಂಬಿದವರೇ ‘ತೇಗಬೇಡಿ’ ಅನ್ನುತ್ತಾರೆ. ನಾನು ತೇಗಿದೆ. ಹೊರಗೆ ಕುಳಿತಿದ್ದ ಹೆಂಡತಿಗೆ ಕೇಳಿಸಿತಂತೆ.

1868ರಲ್ಲಿ ಜರ್ಮನಿಯ ವೈದ್ಯ ಅಡಾಲ್ಫ್ ಕುಸ್‌ಮೌಲ್ ಹೊಟ್ಟೆ ನೋಡಲು ಬಾಗದ ನೇರ ಕೊಳವೆ ಇಳಿಸಿದ್ದು ಕತ್ತಿ ನುಂಗುವ ಕಲಾವಿದನೊಬ್ಬನಿಗಂತೆ. ಮೊದಲೇ ಓದಿದ್ದರೆ ಈ ಕೆಲಸವನ್ನು ಆ ವೃತ್ತಿಯವರಿಗೇ ಬಿಟ್ಟುಕೊಡುತ್ತಿದ್ದೆ.

ಹುಣ್ಣು ಸಿಕ್ಕಿತು. ವಾಸಿಯಾಯಿತೇ ಎಂದು ನೋಡಲು 8 ವಾರ ಬಿಟ್ಟು ಮತ್ತೆ ಕರೆದರು. ಈ ಸಲ ಡಾಕ್ಟರು ಬಾಯಿ ತೆರೆಯುವ ಮೊದಲೇ ‘ಸೆಡೇಶನ್!’ ಅಂದೆ.

ಮೂಗಿಗೆ ಆಮ್ಲಜನಕ, ಬೆರಳಿಗೆ ಕ್ಲಿಪ್, ಕೈಯ ರಕ್ತನಾಳಕ್ಕೆ ಮಿಡಜೋಲಾಮ್ ಎಂಬ ಮಂಪರಿನ ಔಷಧಿ. ‘ನನಗೇನೂ ಆಗ್ತಾ ಇಲ್ಲ, ಸ್ವಲ್ಪ ಜಾಸ್ತಿ ಹಾಕಿ ಡಾಕ್ಟ್ರೇ’ ಅಂದೆ. ‘ಎಲ್ಲ ಮುಗೀತು ಸರ್, ನೀವೀಗ ಹೊರಗಿನ ವಾರ್ಡಲ್ಲಿದ್ದೀರಿ’ ಎಂದರು ನರ್ಸ್.

‘ಒಂಚೂರೂ ತೊಂದರೆ ಆಗಲಿಲ್ಲ’ ಎಂದು ಬೀಗಿದೆ. ನರ್ಸ್ ನಕ್ಕರು. ಓಕರಿಸಿದೆನಂತೆ, ಅವರ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದೆನಂತೆ, ‘ಮೂಗಲ್ಲಿ ಉಸಿರಾಡಿ’ ಅಂದಾಗ ಜಾಣ ಹುಡುಗನ ಹಾಗೆ ಉಸಿರಾಡಿದೆನಂತೆ. ಈ ಔಷಧಿ ಪೂರ್ತಿ ನಿದ್ದೆ ಬರಿಸಲೇಬೇಕೆಂದಿಲ್ಲ. ಮಂಪರು ತರಿಸಿ, ನಡೆದದ್ದನ್ನು ನೆನಪಿನಲ್ಲಿ ಉಳಿಯಗೊಡುವುದಿಲ್ಲ, ಅಷ್ಟೆ. ಹಾಗಾದರೆ ಅಲ್ಲಿ ಒದ್ದಾಡಿದವನು ಯಾರು? ಅವನ ಮೇಲೆ ನನಗೆ ಕನಿಕರವಿದೆ, ಪರಿಚಯವಿಲ್ಲ.

‘ಹುಣ್ಣು ವಾಸಿಯಾಯ್ತಂತಾ?’ ಎಂದು ಹೆಂಡತಿಯನ್ನು ಕೇಳಿದೆ.

‘ಇದು ಐದನೇ ಸಲ ಕೇಳ್ತಿರೋದು ರೀ. ವಾಸಿಯಾಗಿದೆ.’

24 ಗಂಟೆ ಗಾಡಿ ಓಡಿಸಬಾರದು, ಮುಖ್ಯ ಕಾಗದಪತ್ರಗಳಿಗೆ ಸಹಿ ಹಾಕಬಾರದು ಎಂದು ಚೀಟಿ ಕೊಟ್ಟಿದ್ದರು. ಕೀ ಆಗಲೇ ಅವಳ ಬ್ಯಾಗು ಸೇರಿತ್ತು. ಮನೆ ತಲುಪಿದ ಮೇಲೆ ಹೇಳಿದಳು: ‘ಇನ್ಮೇಲೆ ದಿನಾ ಪಾತ್ರೆ ನಾನೇ ತೊಳೀತೀನಿ ಅಂದ್ರಲ್ಲ, ಸಿಂಕ್ ಆ ಕಡೆ ಇದೆ.’

‘ನಾನು ಯಾವಾಗ ಅಂದೆ?’

‘ಮೂರನೇ ಮತ್ತು ನಾಲ್ಕನೇ ಸಲ ಕೇಳಿದ್ದರ ಮಧ್ಯೆ. ನರ್ಸ್ ಕೂಡ ಕೇಳಿಸ್ಕೊಂಡಿದ್ದಾರೆ.’

ಚೀಟಿ ತೋರಿಸಿದೆ: ಮಂಪರಲ್ಲಿ ಮಾಡಿದ್ದಕ್ಕೆ ಬೆಲೆಯಿಲ್ಲ!

ಅವಳು ಅದನ್ನು ನಿಧಾನವಾಗಿ ಓದಿದಳು. ‘ಇದರಲ್ಲಿ ಇರೋದು ಸಹಿ ವಿಷಯ ಮಾತ್ರ ರೀ. ಬಾಯಿಮಾತಿನ ಬಗ್ಗೆ ಏನೂ ಬರೆದಿಲ್ಲ.’