ಸಾವಿನ ಬಗ್ಗೆ ಮಾತನಾಡಲು ಶಿಕ್ಷಕರಿಗೂ ತರಬೇತಿ ಬೇಕು

ಡಿ.ಎಡ್‌ನ ಎರಡು ವರ್ಷಗಳಲ್ಲಿ ಪಾಠಯೋಜನೆ ಬರೆಯುವುದನ್ನು ಕಲಿತೆವು, ಕಲಿಕೋಪಕರಣ ಮಾಡುವುದನ್ನು ಕಲಿತೆವು. ಅಪ್ಪನನ್ನು ಕಳೆದುಕೊಂಡ ಮಗು ಮತ್ತೆ ಶಾಲೆಗೆ ಬಂದ ದಿನ ಏನು ಹೇಳಬೇಕೆಂದು ಯಾರೂ ಕಲಿಸಲಿಲ್ಲ. ಸೇವೆಗೆ ಸೇರಿದ ಮೇಲಿನ ತರಬೇತಿಗಳಲ್ಲೂ ಆ ಮಾತು ಬರಲಿಲ್ಲ.

ನಮ್ಮ ಹಾಸನ ಜಿಲ್ಲೆಯಲ್ಲಿ ಇದನ್ನು ಇನ್ನೂ ಮುಂದೂಡುವುದು ಸರಿಯಲ್ಲ. 2025ರ ಜೂನ್, ಜುಲೈನಲ್ಲಿ ಟಿವಿ ಹಾಕಿದರೆ ಇಲ್ಲಿನ ಹೃದಯಾಘಾತಗಳದೇ ಸುದ್ದಿ. ಸೆಪ್ಟೆಂಬರ್‌ನಲ್ಲಿ ಮೊಸಳೆ ಹೊಸಹಳ್ಳಿಯ ಗಣೇಶ ವಿಸರ್ಜನೆಯ ಮೆರವಣಿಗೆಗೆ ಲಾರಿ ನುಗ್ಗಿತು. ಬೇಲೂರು, ಸಕಲೇಶಪುರದ ತೋಟಗಳಲ್ಲಿ ಆನೆ ದಾಳಿಗೆ ಸತ್ತವರ ಮಕ್ಕಳು ತೋಟದ ಕಾರ್ಮಿಕರ ಲೈನ್ ಮನೆಗಳಿಂದ ನಮ್ಮ ಸರ್ಕಾರಿ ಶಾಲೆಗಳಿಗೇ ಬರುತ್ತಾರೆ. ದೊಡ್ಡವರು ಆಡಿದ್ದನ್ನೆಲ್ಲ ಕೇಳಿಸಿಕೊಂಡೇ ಬರುತ್ತಾರೆ.

ತಿಥಿ ಮುಗಿಸಿ, ತಲೆ ಬೋಳಿಸಿಕೊಂಡು ಬಂದ ಒಂದನೇ ತರಗತಿಯ ಹುಡುಗನೊಬ್ಬ ದಿನವಿಡೀ ಟೋಪಿ ತೆಗೆಯಲಿಲ್ಲ. ಬಿಸಿಯೂಟಕ್ಕೆ ಕುಳಿತಾಗ ಪಕ್ಕದ ಹುಡುಗಿ, "ನಿಮ್ಮಪ್ಪ ಯಾವಾಗ ಬರುತ್ತಾರೆ?" ಎಂದಳು. ಮೂರನೇ ತರಗತಿಯವನು, "ಸತ್ತವರು ಬರುವುದಿಲ್ಲ ಕಣೇ" ಎಂದ. "ಮಾತು ಸಾಕು, ಊಟ ಮಾಡಿ" ಎಂದರು ನನ್ನ ಸಹೋದ್ಯೋಗಿ. ಅವರದು ಕಲ್ಲು ಮನಸ್ಸಲ್ಲ, ಕಣ್ಣು ತುಂಬಿತ್ತು. ಹೇಳಲು ಮಾತು ಸಿಗಲಿಲ್ಲ, ಅಷ್ಟೇ.

ಆ ಇಬ್ಬರು ಮಕ್ಕಳ ತಿಳಿವಳಿಕೆಯ ಅಂತರ ಹೊಸದೇನಲ್ಲ. ಚಿಕ್ಕ ಮಕ್ಕಳಿಗೆ ಸಾವು ನಿದ್ದೆಯಂತೆ, ಪರಸ್ಥಳಕ್ಕೆ ಹೋದಂತೆ ಕಾಣುತ್ತದೆ, ಒಂಬತ್ತರ ಆಸುಪಾಸಿಗೆ ಅದು ಎಲ್ಲರಿಗೂ ಬರುವಂಥದ್ದೆಂದು ತಿಳಿಯುತ್ತದೆ ಎಂದು ಹಂಗೇರಿಯ ಮನಶ್ಶಾಸ್ತ್ರಜ್ಞೆ ಮರಿಯಾ ನಾಗಿ 1948ರಲ್ಲೇ ಬರೆದಿದ್ದರು. ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ನಲಿಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳು ಒಂದೇ ಕೊಠಡಿಯಲ್ಲಿ ಕೂರುತ್ತಾರೆ. ಒಂದೇ ಪ್ರಶ್ನೆಗೆ ಎರಡು ಬಗೆಯಲ್ಲಿ ಉತ್ತರಿಸಲು ಅಲ್ಲಿನ ಶಿಕ್ಷಕಿಗೆ ಬರಬೇಕು.

"ಅಪ್ಪ ಮಲಗಿದ್ದಾರೆ" ಎಂದು ನಂಬಿಸಿದರೆ ಕೆಲವು ಮಕ್ಕಳು ತಾವೇ ಮಲಗಲು ಹೆದರುತ್ತಾರೆ. "ಅಪ್ಪ ಸತ್ತಿದ್ದಾರೆ, ಅವರ ದೇಹ ಇನ್ನು ಕೆಲಸ ಮಾಡುವುದಿಲ್ಲ, ಅವರಿಗೆ ಈಗ ನೋವಿಲ್ಲ" ಎಂದು ಮೆಲ್ಲಗೆ ಹೇಳಬಹುದು. "ನಾನು ಹಟ ಮಾಡಿದ್ದಕ್ಕೆ ಹೀಗಾಯಿತಾ?" ಎಂಬ ಪ್ರಶ್ನೆ ಮಗು ಬಾಯಿ ಬಿಟ್ಟು ಕೇಳದಿದ್ದರೂ, "ಇದು ನಿನ್ನಿಂದ ಆದದ್ದಲ್ಲ" ಎಂದು ನಾವೇ ಮುಂದಾಗಿ ಹೇಳಬೇಕು. ಸ್ವರ್ಗ, ಪುನರ್ಜನ್ಮದ ಮಾತು ಬಂದರೆ ತೀರ್ಪು ಕೊಡುವುದು ಬೇಡ. ಮನೆಯಲ್ಲಿ ಏನು ಹೇಳುತ್ತಾರೆಂದು ಕೇಳಿಸಿಕೊಂಡರೆ ಸಾಕು. ಮಗು ಬರುವ ಮುಂಚಿನ ದಿನವೇ ಉಳಿದ ಮಕ್ಕಳೊಂದಿಗೆ ಮಾತನಾಡಬೇಕು. ಪ್ರಗತಿ ಪತ್ರ ಕೊಡುವಾಗ ಅಭ್ಯಾಸಬಲದಿಂದ "ಅಪ್ಪನ ಸಹಿ ಹಾಕಿಸಿಕೊಂಡು ಬಾ" ಎಂದುಬಿಡುವ ನಾಲಿಗೆಯನ್ನೂ ತಿದ್ದಿಕೊಳ್ಳಬೇಕು.

ಶಿಕ್ಷಕರು ಆಪ್ತಸಮಾಲೋಚಕರಲ್ಲ, ನಿಜ. ವಾರಗಟ್ಟಲೆ ಉಣ್ಣದ, ಮಾತು ಬಿಟ್ಟ ಮಗುವಿಗೆ ತಜ್ಞರ ನೆರವು ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ (14416) ಇದೆ. ಆದರೆ ಮಗು ಮೊದಲು ಪ್ರಶ್ನೆ ಕೇಳುವುದು ತರಗತಿಯ ಟೀಚರನ್ನೇ.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಹತ್ತಿರದ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಒಂದು ಮಧ್ಯಾಹ್ನ ಸಾಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಜ್ಞರೊಬ್ಬರನ್ನು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಾದ ಡಯಟ್‌ನವರು ಕರೆಸಲಿ. ನಾವು ಜೋಡಿಯಾಗಿ ಕೂರೋಣ. ಒಬ್ಬರು ಮಗುವಾಗಿ ಕೇಳಲಿ, ಇನ್ನೊಬ್ಬರು ಉತ್ತರಿಸಲಿ. ಗಂಟಲು ಕಟ್ಟುವುದಿದ್ದರೆ ಮೊದಲ ಸಲ ಅಲ್ಲೇ ಕಟ್ಟಲಿ. ನಮ್ಮ ಕ್ಲಸ್ಟರ್‌ನ ಮುಂದಿನ ಸಭೆಯಲ್ಲಿ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿಯವರ ಮುಂದೆ ಇದನ್ನು ಇಡುತ್ತೇನೆ. ಉಳಿದ ತಾಲ್ಲೂಕುಗಳ ಶಿಕ್ಷಕ ಮಿತ್ರರೂ ತಮ್ಮ ಸಭೆಗಳಲ್ಲಿ ಕೇಳಿ.