ಹುಳಕ್ಕೆ ಕಂಬ, ಬಿತ್ತಿದವನಿಗೆ ಚೊಂಬು

ಅಮೆರಿಕದ ಅಲಬಾಮಾ ರಾಜ್ಯದ ಕಾಫಿ ಕೌಂಟಿಯಲ್ಲಿ ಎಂಟರ್‌ಪ್ರೈಸ್ ಎಂಬ ಊರು. ಚಿಕ್ಕಮಗಳೂರಿನವರು ಹಿಗ್ಗಬೇಡಿ, ಅಲ್ಲಿ ಕಾಫಿ ಬೆಳೆಯುವುದಿಲ್ಲ. ಊರ ನಡುವೆ ಗ್ರೀಕ್ ನಿಲುವಂಗಿ ತೊಟ್ಟ ಹೆಂಗಸಿನ ಪ್ರತಿಮೆಯೊಂದು ಎರಡೂ ಕೈಯೆತ್ತಿ ಹಿಡಿದಿರುವುದು ಹತ್ತಿಯ ಮೂತಿಹುಳವನ್ನು. ಕೆಳಗಿನ ಬರಹದಲ್ಲಿ ಅದಕ್ಕೆ 'ಸಮೃದ್ಧಿಯ ಹರಿಕಾರ' ಎಂಬ ಬಿರುದು ಬೇರೆ.

ಹರಿಕಾರರ ಕಸುಬು ಹೀಗಿದೆ. ಮೈ ಸುಮಾರು ಆರು ಮಿಲಿಮೀಟರ್. ಹೆಣ್ಣುಹುಳ ಹತ್ತಿಯ ಮೊಗ್ಗಿಗೆ ಮೂತಿಯಿಂದ ತೂತು ಕೊರೆದು, ಒಂದು ಮೊಟ್ಟೆಯಿಟ್ಟು, ತೂತಿನ ಬಾಯಿ ಮುಚ್ಚಿ ಮುಂದಿನ ಮೊಗ್ಗಿಗೆ ಹೋಗುತ್ತದೆ. ಮರಿ ಒಳಗೇ ಕೂತು ಮೇಯುವುದರಿಂದ ಹೊರಗೆ ಎಷ್ಟು ಔಷಧಿ ಹೊಡೆದರೂ ಅದಕ್ಕೆ ತಾಗದು. ಮೊಗ್ಗು ಹಳದಿಯಾಗಿ ಉದುರುತ್ತದೆ. ಮೂರು ವಾರಕ್ಕೆ ಹೊಸ ತಲೆಮಾರು ಸಿದ್ಧ.

1892ರ ಸುಮಾರಿಗೆ ಮೆಕ್ಸಿಕೋದಿಂದ ಟೆಕ್ಸಾಸಿಗೆ ನುಗ್ಗಿದ ಹುಳ 1915ರ ಹೊತ್ತಿಗೆ ಇಲ್ಲಿಗೆ ಬಂತು. ಹತ್ತಿ ನೆಲಕಚ್ಚಿತು, ಊರು ಕಡಲೆಕಾಯಿಗೆ ತಿರುಗಿ ದುಡ್ಡು ಕಂಡಿತು. 1919ರ ಡಿಸೆಂಬರ್ 11ರಂದು ಸ್ಮಾರಕದ ಅನಾವರಣವೂ ಆಯಿತು.

ಹಾಗಾದರೆ ಹುಳ ಬರುವ ತನಕ ರೈತರಿಗೆ ಬುದ್ಧಿ ಇರಲಿಲ್ಲವೇ? ಇತ್ತು, ಸಾಲವೂ ಇತ್ತು. ಆ ಸೀಮೆಯ ಗೇಣಿದಾರರಿಗೆ, ಅವರಲ್ಲಿ ಕಪ್ಪುಜನರೂ ಇದ್ದರು, ಬೀಜ, ಗೊಬ್ಬರ, ಮನೆಯ ದಿನಸಿ ಎಲ್ಲವೂ ಮುಂದಿನ ಹತ್ತಿ ಬೆಳೆಯ ಮೇಲೆ ಉದ್ರಿ. ಬೇರೇನಾದರೂ ಬಿತ್ತುತ್ತೇನೆಂದರೆ ಖಾತೆ ಬಂದ್. ಕಡಲೆಕಾಯಿಯ ಬೇರುಗಂಟು ಗಾಳಿಯ ಸಾರಜನಕ ಹಿಡಿದು ಸೊರಗಿದ ಮಣ್ಣಿಗೆ ಜೀವ ಕೊಡುತ್ತದೆಂದು ಅದೇ ರಾಜ್ಯದ ಟಸ್ಕಿಗೀಯಲ್ಲಿ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಹೇಳುತ್ತಲೇ ಇದ್ದರು. ಸಾಲ ಕೊಡುವವರಿಗೆ ಅದು ಕೇಳಿಸಲು ಹುಳವೇ ಬರಬೇಕಾಯಿತು. ಕಂಬದ ಮೇಲೆ ಬಿತ್ತಿದವನ ಹೆಸರಿಲ್ಲ.

ನಗಲು ನಮಗೇನು ಹಕ್ಕು ಎನ್ನಬೇಡಿ. ಕಡಲೆಕಾಯಿ ಹೊಲ ಮೇಯ್ದ ಬಸವನಿಗೆ ಬಸವನಗುಡಿಯಲ್ಲಿ ಪರಿಷೆ ನಡೆಯುತ್ತದೆ, ನಿಜ. ಆದರೆ ಮೇಯ್ದದ್ದಕ್ಕೆ ನಾವು ಧನ್ಯವಾದ ಕೆತ್ತಿಸಿಲ್ಲ, ಇನ್ನು ಮೇಯಬೇಡಪ್ಪಾ ಎಂದು ಮೊದಲ ಬೆಳೆ ಒಪ್ಪಿಸುತ್ತೇವೆ, ಅಷ್ಟೆ.

ತಮಾಷೆಯೆಂದರೆ ಮೊದಲ ಮೂವತ್ತು ವರ್ಷ ಆ ಪ್ರತಿಮೆಯ ಹೆಂಗಸಿನ ಕೈಯಲ್ಲಿ ಹುಳವೇ ಇರಲಿಲ್ಲ. ಅದನ್ನು ಕೂರಿಸಿದ್ದು 1949ರಲ್ಲಿ. ಆಮೇಲೆ ಕದ್ದವರಿಗೆ ಲೆಕ್ಕವಿಲ್ಲ. ಇತ್ತ ಚೌಕದಲ್ಲಿ ಹರಿಕಾರನಿಗೆ ಗೌರವ, ಅತ್ತ ಹತ್ತಿ ಹೊಲದ ಅಂಚಿನಲ್ಲಿ ಅದೇ ಹರಿಕಾರನಿಗೆ ಗಂಡುಹುಳದ ವಾಸನೆ ತುಂಬಿದ ಬಲೆ, ಮೇಲಿಂದ ಮೆಲಾಥಿಯಾನ್ ಎಂಬ ಕೀಟನಾಶಕದ ಸಿಂಪಡಣೆ. ಸರ್ಕಾರ, ರೈತರು ಸೇರಿ ದುಡ್ಡು ಹಾಕಿ ಅಲಬಾಮಾದಲ್ಲಿ ಅದರ ಸಂತತಿಯನ್ನೇ ಅಳಿಸಿದರು. 1998ರಲ್ಲಿ ಯಾರೋ ಹುಳದ ಜೊತೆಗೆ ಆಕೆಯ ಕೈಗಳನ್ನೂ ಕಿತ್ತರು. ಅಸಲಿ ಪ್ರತಿಮೆ ವಸ್ತುಸಂಗ್ರಹಾಲಯ ಸೇರಿತು. ಈಗ ಚೌಕದಲ್ಲಿ ಕೈಯೆತ್ತಿ ನಿಂತಿರುವುದು ಅದರ ನಕಲು.